ಓದುಗರ ಪ್ರಶ್ನೆ, ತಜ್ಞರ ಉತ್ತರ: ಟ್ರೇಡಿಂಗ್ ಬಿಟ್ಟ ಮೇಲೆ ಮುಂದೇನು?

ಪೂರ್ಣಾವಧಿ ಟ್ರೇಡಿಂಗ್ ಬಿಟ್ಟು ಬೇರೆ ಕೆಲಸ ಹಿಡಿಯುವ ಬಗ್ಗೆ ಪತ್ರಗಳು ಬರುತ್ತಲೇ ಇವೆ. 2024ರ ನವೆಂಬರ್‌ನಿಂದ ವಾರದ ಎಕ್ಸ್‌ಪೈರಿಯನ್ನು (ಆಪ್ಷನ್ ಕಾಂಟ್ರಾಕ್ಟ್ ಮುಗಿಯುವ ದಿನ) ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಒಂದು ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕ ಎಂದು ಕಟ್ಟುಮಾಡಿತು. ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ನಿಂತಿತು, ಹೊಸ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯ 15 ಲಕ್ಷ ರೂಪಾಯಿಗೆ ಏರಿತು. ಸಣ್ಣ ಬಂಡವಾಳದಲ್ಲಿ ವಾರವಾರ ಆಪ್ಷನ್ ಮಾರಿ ಬಂದ ಹಣದಲ್ಲಿ (ಪ್ರೀಮಿಯಂ) ಮನೆ ನಡೆಸುತ್ತಿದ್ದವರ ಲೆಕ್ಕ ಅಲ್ಲಿಗೆ ಕೆಟ್ಟಿತು. 2024-25ರಲ್ಲಿ ಈಕ್ವಿಟಿ ಡೆರಿವೇಟಿವ್ಸ್‌ನಲ್ಲಿ (ಷೇರು, ಸೂಚ್ಯಂಕಗಳ ಫ್ಯೂಚರ್ಸ್ ಮತ್ತು ಆಪ್ಷನ್) ವ್ಯವಹರಿಸಿದ ಬಿಡಿ ಟ್ರೇಡರ್‌ಗಳಲ್ಲಿ ಸುಮಾರು 91% ಮಂದಿಗೆ ನಷ್ಟವಾಗಿದೆ ಎಂಬುದು ಸೆಬಿಯದೇ ಅಧ್ಯಯನ. ಬಿಡುವ ನಿರ್ಧಾರಕ್ಕೆ ನಾಚಿಕೆಪಡಬೇಕಿಲ್ಲ. ಬಿಡುವ ಕ್ರಮದಲ್ಲಿ ಮಾತ್ರ ಹಲವರು ಎಡವುತ್ತಾರೆ.

ಪ್ರಶ್ನೆ: ವಯಸ್ಸು 36, ಬಿ.ಇ. ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಆಮೇಲೆ ಎಂಟು ವರ್ಷ ನಿಫ್ಟಿ ಆಪ್ಷನ್ ಟ್ರೇಡ್ ಮಾಡಿದ್ದೇನೆ. ಎಚ್‌ಆರ್‌ನವರು ಅದನ್ನು ‘ಎಂಟು ವರ್ಷದ ಗ್ಯಾಪ್’ ಎನ್ನುತ್ತಾರೆ. ರೆಸ್ಯೂಮೆಯಲ್ಲಿ ಹೇಗೆ ಬರೆಯಲಿ? ಯಾವ ಕೆಲಸ ಸಿಗಬಹುದು? — ಓದುಗರು, ಮೈಸೂರು

ಕಾಗದ ಇಲ್ಲದಿದ್ದರೆ ಗ್ಯಾಪ್, ಇದ್ದರೆ ಸ್ವಂತ ಉದ್ಯೋಗ. ಮೊದಲು ಎಂಟೂ ವರ್ಷದ ಐಟಿಆರ್-3 (ವ್ಯವಹಾರ ಆದಾಯದ ತೆರಿಗೆ ರಿಟರ್ನ್) ಸ್ವೀಕೃತಿ ಪತ್ರ, ಆದಾಯ ಲೆಕ್ಕದ ಹಾಳೆ, ಬ್ರೋಕರ್ ಕೊಡುವ ವರ್ಷವಾರು ಲಾಭ-ನಷ್ಟ ವರದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಹಿನ್ನೆಲೆ ಪರಿಶೀಲನೆಯವರು ಸ್ವಂತ ಉದ್ಯೋಗದ ಅವಧಿಗೆ ಕೇಳುವುದು ಸಾಮಾನ್ಯವಾಗಿ ಇವನ್ನೇ. ಯಾವುದಾದರೂ ವರ್ಷ ರಿಟರ್ನ್ ಸಲ್ಲಿಸಿಲ್ಲವೇ? ಆ ಅಸೆಸ್‌ಮೆಂಟ್ ವರ್ಷ (ಗಳಿಕೆಯ ವರ್ಷದ ಮುಂದಿನ ವರ್ಷ) ಮುಗಿದು 48 ತಿಂಗಳವರೆಗೆ ಅಪ್‌ಡೇಟೆಡ್ ರಿಟರ್ನ್ ಹಾಕಬಹುದು, ಹೆಚ್ಚುವರಿ ತೆರಿಗೆ ಕಟ್ಟಬೇಕಾಗುತ್ತದೆ. ಆದರೆ ಅದು ಲಾಭ ಬಂದ ವರ್ಷಕ್ಕೆ ಮಾತ್ರ. ನಷ್ಟ ತೋರಿಸಲು ಆ ದಾರಿ ಇಲ್ಲ.

ರೆಸ್ಯೂಮೆಯಲ್ಲಿ ‘ಇಂಥ ಕ್ಯಾಪಿಟಲ್, ಸಂಸ್ಥಾಪಕ’ ಎಂದು ಇಲ್ಲದ ಕಂಪನಿ ಹುಟ್ಟಿಸಬೇಡಿ. ಪರಿಶೀಲನೆಯಲ್ಲಿ ಮೊದಲು ಮುರಿಯುವ ಕೊಂಡಿ ಅದೇ. ‘ಸ್ವಂತ ಬಂಡವಾಳದ ಟ್ರೇಡರ್, ಸ್ವಂತ ಉದ್ಯೋಗ’ ಎಂದು ಒಂದು ಸಾಲು. ಅದರ ಕೆಳಗೆ ಬಂಡವಾಳದ ಪ್ರಮಾಣ, ವ್ಯವಹರಿಸಿದ ಸಾಧನಗಳು, ವರ್ಷಕ್ಕೆ ಸರಾಸರಿ ಎಷ್ಟು ಆರ್ಡರ್, ಒಂದು ಪೊಸಿಷನ್‌ಗೆ (ತೆರೆದಿಟ್ಟ ವ್ಯವಹಾರ) ಬಂಡವಾಳದ ಎಷ್ಟು ಭಾಗ ಒಡ್ಡುತ್ತಿದ್ದಿರಿ, ಗರಿಷ್ಠ ಡ್ರಾಡೌನ್ ಎಷ್ಟು, ಬ್ರೋಕರೇಜ್ ಮತ್ತು ಎಸ್‌ಟಿಟಿ (ವಹಿವಾಟು ತೆರಿಗೆ) ಕಳೆದು ಉಳಿದಿದ್ದೆಷ್ಟು. ಡ್ರಾಡೌನ್ ಅಡಗಿಸಬೇಡಿ. ಬಂಡವಾಳ 12 ಲಕ್ಷದ ಶಿಖರದಿಂದ 8.4 ಲಕ್ಷಕ್ಕೆ ಇಳಿದಿದ್ದರೆ ಡ್ರಾಡೌನ್ 30%, ಮತ್ತೆ ಶಿಖರ ಮುಟ್ಟಲು 43% ಗಳಿಸಬೇಕು. ಆ ಇಳಿತದಲ್ಲಿ ಲಾಟ್ (ಒಮ್ಮೆಗೆ ವ್ಯವಹರಿಸುವ ಪ್ರಮಾಣ) ಯಾವಾಗ ಕಡಿಮೆ ಮಾಡಿದಿರಿ, ಏಕೆ ಎಂದು ಹೇಳಬಲ್ಲವರನ್ನು ರಿಸ್ಕ್ ವಿಭಾಗದವರು ಕೂರಿಸಿ ಮಾತಾಡಿಸುತ್ತಾರೆ. ‘ಒಂದೇ ಎಕ್ಸ್‌ಪೈರಿಯಲ್ಲಿ ದುಪ್ಪಟ್ಟು ಮಾಡಿದೆ’ ಎಂದವರನ್ನು ಅದೇ ಜನ ಬೇಗ ಕಳಿಸಿಬಿಡುತ್ತಾರೆ.

ನಿಮಗೆ ಅತಿ ಹತ್ತಿರದ ಬಾಗಿಲು ಟ್ರೇಡಿಂಗ್ ತಂತ್ರಾಂಶದ ಟೆಸ್ಟಿಂಗ್. ಬೆಂಗಳೂರಿನಲ್ಲಿ ಡಿಸ್ಕೌಂಟ್ ಬ್ರೋಕರ್‌ಗಳೂ ಇದ್ದಾರೆ, ವಿದೇಶಿ ಹೂಡಿಕೆ ಬ್ಯಾಂಕುಗಳ ದೊಡ್ಡ ಕಚೇರಿಗಳೂ ಇವೆ. ಆರ್ಡರ್ ಅರ್ಧ ಮಾತ್ರ ತುಂಬಿದಾಗ ಉಳಿದರ್ಧದ ಮಾರ್ಜಿನ್ (ಬ್ರೋಕರ್ ಬಳಿ ಇಡುವ ಭದ್ರತಾ ಹಣ) ಏನಾಗಬೇಕು, ಫ್ರೀಜ್ ಕ್ವಾಂಟಿಟಿ (ಒಂದು ಆರ್ಡರ್‌ನ ಗರಿಷ್ಠ ಮಿತಿ) ಮೀರಿದ ಆರ್ಡರ್ ಹೇಗೆ ಒಡೆಯಬೇಕು, ಬೋನಸ್ ಷೇರು ಬಂದಾಗ ಸ್ಟ್ರೈಕ್ ದರ ಹೇಗೆ ಹೊಂದಿಕೆಯಾಗಬೇಕು, ಎಕ್ಸ್‌ಪೈರಿ ದಿನ ಸ್ಟಾಕ್ ಆಪ್ಷನ್ ಭೌತಿಕ ಸೆಟಲ್‌ಮೆಂಟಿಗೆ (ಷೇರನ್ನೇ ಕೊಟ್ಟು ಪಡೆಯುವುದು) ಹೋದರೆ ಪರದೆಯಲ್ಲಿ ಏನು ಕಾಣಬೇಕು: ಇವು ಬರೀ ಟೆಸ್ಟರ್‌ಗೆ ತಿಂಗಳುಗಟ್ಟಲೆ ಕಲಿಯುವ ವಿಷಯ, ನಿಮಗೆ ರೂಢಿ. ಇಂಥ 40–50 ಟೆಸ್ಟ್ ಕೇಸ್‌ಗಳನ್ನು ಬರೆದು ಸಂದರ್ಶನಕ್ಕೆ ಒಯ್ಯಿರಿ. ಎರಡನೆಯದು ಬ್ರೋಕರ್ ಸಂಸ್ಥೆಗಳ ರಿಸ್ಕ್ ಮತ್ತು ಸರ್ವೆಲೆನ್ಸ್ ವಿಭಾಗ. ಮೂರನೆಯದು ಹೂಡಿಕೆ ಬ್ಯಾಂಕುಗಳ ಮಿಡಲ್ ಆಫೀಸ್. ಅಲ್ಲಿ ದಿನದ ಲಾಭ-ನಷ್ಟ ತಾಳೆ ನೋಡುವುದು, ಟ್ರೇಡ್ ದಾಖಲೆ ಹೊಂದದಿದ್ದರೆ ಕಾರಣ ಹುಡುಕುವುದು ಕೆಲಸ. ಪ್ರಾಪ್ ಡೆಸ್ಕ್ (ಸಂಸ್ಥೆಯ ಸ್ವಂತ ಹಣದಲ್ಲಿ ವ್ಯವಹರಿಸುವ) ಟ್ರೇಡರ್ ಹುದ್ದೆಯನ್ನು ಪಟ್ಟಿಯ ಕೊನೆಗಿಡಿ.

ಎಂಟು ವರ್ಷ ಹಳೆಯ ಟೆಸ್ಟಿಂಗ್ ಜ್ಞಾನಕ್ಕೆ ತುಕ್ಕು ಹಿಡಿದಿರುತ್ತದೆ. ಮೂರರಿಂದ ನಾಲ್ಕು ತಿಂಗಳು ಎಸ್‌ಕ್ಯೂಎಲ್, ಪೈಥಾನ್, ಎಪಿಐ ಟೆಸ್ಟಿಂಗ್ ಕಲಿಯಿರಿ, ಮೂರೂ ಒಂದೇ ಪ್ರಾಜೆಕ್ಟಿನಲ್ಲಿ ಬರಲಿ. ಎನ್‌ಎಸ್‌ಇಯ ಒಂದು ವರ್ಷದ ಭಾವ್‌ಕಾಪಿ (ದಿನದ ದರಗಳ ಫೈಲ್) ಇಳಿಸಿಕೊಂಡು ಡೇಟಾಬೇಸ್‌ಗೆ ಹಾಕಿ, ನಿಮ್ಮದೇ ವಿಧಾನವೊಂದನ್ನು ಪರೀಕ್ಷಿಸಿ. ಇಲ್ಲಿ ಕೆಡುವ ಜಾಗಗಳಿವೆ. 2024ರ ಜುಲೈಯಲ್ಲಿ ಭಾವ್‌ಕಾಪಿ ಫೈಲಿನ ಸ್ವರೂಪ ಬದಲಾಯಿತು, ಕಾಲಂ ಹೆಸರುಗಳು ಹೊಂದದೆ ಹಳೆಯ ಕೋಡ್ ಅಲ್ಲೇ ನಿಲ್ಲುತ್ತದೆ. ಅದೇ ವರ್ಷದ ಕೊನೆಗೆ ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿತು, ಒಂದೇ ಲಾಟ್ ಗಾತ್ರ ಹಿಡಿದರೆ ಲೆಕ್ಕ ಸುಳ್ಳಾಗುತ್ತದೆ. ದಿನದ ಮುಕ್ತಾಯದ ದರ ನೋಡಿ ಅದೇ ದಿನ ಬೆಳಿಗ್ಗೆ ಕೊಂಡಂತೆ ಬರೆಯುವುದು ಬಹಳ ಸಾಮಾನ್ಯ ತಪ್ಪು, ಸಂದರ್ಶಕರು ಮೊದಲು ಹುಡುಕುವುದೂ ಅದನ್ನೇ. ಖರ್ಚು ಮತ್ತು ಸ್ಲಿಪೇಜ್ (ಬಯಸಿದ ದರಕ್ಕೂ ಸಿಕ್ಕ ದರಕ್ಕೂ ಇರುವ ಅಂತರ) ಸೇರಿಸಿದ ಮೇಲೆ ವಿಧಾನ ನಷ್ಟ ತೋರಿಸಿದರೂ ಚಿಂತೆಯಿಲ್ಲ. ಪ್ರಾಮಾಣಿಕ ನಷ್ಟದ ವರದಿಗೆ ಇಲ್ಲಿ ಹೆಚ್ಚು ಬೆಲೆ.

ಸಂಬಳ ಹನ್ನೊಂದು ವರ್ಷದ ಅನುಭವಿಯದಾಗಿರುವುದಿಲ್ಲ, ನಾಲ್ಕೈದು ವರ್ಷದವರ ಸಾಲಿನಿಂದ ಆರಂಭವಾಗಬಹುದು. ಅಂದಹಾಗೆ, ಹಳೆಯ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹುಡುಕಿಡಿ, ಹೊಸ ಕಂಪನಿಯಲ್ಲಿ ಅದನ್ನೇ ಕೊಡಿ. ಆಗ ಪಿಂಚಣಿ ಹಣ ಹಿಂಪಡೆದಿರದಿದ್ದರೆ ಆ ಮೂರು ವರ್ಷದ ಸೇವೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: 2022-23ರಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್) ನಷ್ಟ 6 ಲಕ್ಷ, ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ನಷ್ಟ 1.5 ಲಕ್ಷ. ರಿಟರ್ನ್ ಗಡುವಿನೊಳಗೆ ಹಾಕಿದ್ದೆ. 2023-24ರಲ್ಲಿ ಎಫ್ ಅಂಡ್ ಒ ನಷ್ಟ 4 ಲಕ್ಷ, ರಿಟರ್ನ್ ತಡವಾಗಿ ಹಾಕಿದೆ. ಈಗ ವರ್ಷಕ್ಕೆ 9 ಲಕ್ಷ ಸಂಬಳದ ಕೆಲಸ ಸಿಕ್ಕಿದೆ. ಹಳೆಯ ನಷ್ಟವನ್ನು ಸಂಬಳದಲ್ಲಿ ಕಳೆಯಬಹುದೇ? — ಓದುಗರು, ಶಿವಮೊಗ್ಗ

ಆಗುವುದಿಲ್ಲ. ವ್ಯವಹಾರದ ನಷ್ಟವನ್ನು ಅದೇ ವರ್ಷದ ಸಂಬಳದೆದುರೂ ಕಳೆಯಲು ಬರುವುದಿಲ್ಲ, ಮುಂದಿನ ವರ್ಷದ ಸಂಬಳದೆದುರಂತೂ ಇಲ್ಲವೇ ಇಲ್ಲ. ಆದರೆ ನಷ್ಟ ಪೂರ್ತಿ ವ್ಯರ್ಥವಲ್ಲ.

ಎಫ್ ಅಂಡ್ ಒ ನಷ್ಟ ಸಟ್ಟಾ ಅಲ್ಲದ ವ್ಯವಹಾರ ನಷ್ಟ. ಎಂಟು ಅಸೆಸ್‌ಮೆಂಟ್ ವರ್ಷ ಮುಂದಕ್ಕೆ ಒಯ್ಯಬಹುದು. ನಿಮ್ಮ 6 ಲಕ್ಷ 2030-31ರ ಆದಾಯದವರೆಗೆ ಜೀವಂತ. ಇಂಟ್ರಾಡೇ ನಷ್ಟ ಸಟ್ಟಾ ವ್ಯವಹಾರದ್ದು. ನಾಲ್ಕೇ ವರ್ಷ, ಅದೂ ಇಂಟ್ರಾಡೇ ಲಾಭದೆದುರು ಮಾತ್ರ. ಅಂದರೆ 1.5 ಲಕ್ಷ 2026-27ರ ಆದಾಯದೊಂದಿಗೆ ಕೊನೆಯಾಗುತ್ತದೆ. ಅದನ್ನು ಉಳಿಸಲೆಂದು ಮತ್ತೆ ಇಂಟ್ರಾಡೇಗೆ ಇಳಿಯುವ ಆಲೋಚನೆ ಬಂದರೆ ಅಲ್ಲೇ ಬಿಡಿ. ತಡವಾಗಿ ರಿಟರ್ನ್ ಹಾಕಿದ ವರ್ಷದ 4 ಲಕ್ಷ ಮುಂದಕ್ಕೆ ಹೋಗುವುದಿಲ್ಲ. ಆಸ್ಪತ್ರೆವಾಸದಂಥ ನಿಜವಾದ ಕಾರಣಕ್ಕೆ ದಾಖಲೆ ಇದ್ದರೆ ವಿಳಂಬ ಮನ್ನಾಕ್ಕೆ ಇಲಾಖೆಯ ಪ್ರಧಾನ ಆಯುಕ್ತರಿಗೆ ಅರ್ಜಿ ಹಾಕಬಹುದು, ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದವರೆಗೆ ಅವಕಾಶವಿದೆ. ‘ಗೊತ್ತಿರಲಿಲ್ಲ’ ಎಂಬ ಕಾರಣ ನಿಲ್ಲುವುದು ಕಷ್ಟ.

ಬಹಳ ಜನ ಗಮನಿಸದ ಸಂಗತಿ ಮುಂದಿದೆ. ಮುಂದಕ್ಕೆ ತಂದ ಎಫ್ ಅಂಡ್ ಒ ನಷ್ಟವನ್ನು ಟ್ರೇಡಿಂಗ್ ಲಾಭದೆದುರೇ ಕಳೆಯಬೇಕೆಂದಿಲ್ಲ, ಯಾವುದೇ ವ್ಯವಹಾರ ಅಥವಾ ವೃತ್ತಿಯ ಲಾಭದೆದುರು ಕಳೆಯಬಹುದು. ಹಳೆಯ ವ್ಯವಹಾರ ನಡೆಯುತ್ತಿರಬೇಕೆಂಬ ಷರತ್ತೂ ಇಲ್ಲ. ಹೊಸ ಕಂಪನಿ ‘ಸಂಬಳದ ನೌಕರರಾಗಿ ಬರುತ್ತೀರೋ, ಕನ್ಸಲ್ಟೆಂಟ್ ಆಗಿ ಬರುತ್ತೀರೋ’ ಎಂದು ಕೇಳಿದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ವೃತ್ತಿಯ ಲಾಭ 6 ಲಕ್ಷ ಬಂದರೆ ಹಳೆಯ 6 ಲಕ್ಷ ಪೂರ್ತಿ ವಜಾ. ಎದುರಿಗೆ ಪಿಎಫ್, ಗ್ರಾಚ್ಯುಯಿಟಿ, ಗುಂಪು ವಿಮೆ ತಪ್ಪುತ್ತವೆ. 6 ಲಕ್ಷದ ಮೇಲಿನ ತೆರಿಗೆಯ ಉಳಿತಾಯಕ್ಕಾಗಿ ಅವನ್ನೆಲ್ಲ ಬಿಡುವುದು ಹೆಚ್ಚಿನವರಿಗೆ ಲಾಭದ ಮಾತಲ್ಲ.

ಸಂಬಳ ಬರುವ ವರ್ಷಗಳಲ್ಲೂ ನಷ್ಟದ ಪಟ್ಟಿ ರಿಟರ್ನ್‌ನಲ್ಲಿ ಮುಂದುವರಿಯಲಿ. ಐಟಿಆರ್-1ಕ್ಕೆ ಇಳಿದರೆ ಆ ಪಟ್ಟಿಗೆ ಅಲ್ಲಿ ಜಾಗವೇ ಇಲ್ಲ, ಕೊಂಡಿ ತಪ್ಪುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಹಳೆಯ ನಷ್ಟ ಮುಂದುವರಿಯುತ್ತದೆ.

ಪ್ರಶ್ನೆ: ಗೆಳೆಯರು ‘ನಮ್ಮ ದುಡ್ಡೂ ನೀನೇ ನೋಡಿಕೋ, ಲಾಭದಲ್ಲಿ 30% ತೆಗೆದುಕೋ’ ಎನ್ನುತ್ತಾರೆ. ಟೆಲಿಗ್ರಾಂ ಚಾನೆಲ್ ಮಾಡು ಎಂದೂ ಸಲಹೆ ಇದೆ. ಇದನ್ನೇ ವೃತ್ತಿ ಮಾಡಿಕೊಳ್ಳಬಹುದೇ? — ಓದುಗರು, ದಾವಣಗೆರೆ

ಎರಡೂ ಬೇಡ. ಇನ್ನೊಬ್ಬರ ಖಾತೆಯ ಪಾಸ್‌ವರ್ಡ್ ಪಡೆದು ಲಾಭದಲ್ಲಿ ಪಾಲು ಪಡೆಯುವುದು ನೋಂದಣಿಯಿಲ್ಲದ ಪೋರ್ಟ್‌ಫೋಲಿಯೊ ನಿರ್ವಹಣೆ. ನೋಂದಾಯಿತ ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆಗೆ (ಪಿಎಂಎಸ್) ಸಂಸ್ಥೆಯ ನಿವ್ವಳ ಮೌಲ್ಯ 5 ಕೋಟಿ ಇರಬೇಕು, ಒಬ್ಬ ಗ್ರಾಹಕನ ಕನಿಷ್ಠ ಹೂಡಿಕೆ 50 ಲಕ್ಷ. ಹಣ ಪಡೆದು ಟಿಪ್ಸ್ ಕೊಡುವ ಚಾನೆಲ್‌ಗೂ ನೋಂದಣಿ ಬೇಕು, ಇಲ್ಲದಿದ್ದರೆ ಪಡೆದ ಶುಲ್ಕವನ್ನು ಹಿಂದಿರುಗಿಸುವಂತೆ ಸೆಬಿ ಆದೇಶಿಸಬಹುದು. ಇನ್ನು ಗೆಳೆತನದ ಗತಿ: ಲಾಭದಲ್ಲಿ 30% ಕೊಟ್ಟವರು ನಷ್ಟದಲ್ಲೂ 30% ಕೇಳುತ್ತಾರೆ.

ನೇರ ದಾರಿ ಎರಡು. ಮೊದಲನೆಯದು ರಿಸರ್ಚ್ ಅನಲಿಸ್ಟ್ (ಷೇರು ಶಿಫಾರಸು ಕೊಡುವ ನೋಂದಾಯಿತ ವಿಶ್ಲೇಷಕ). 2024ರ ಡಿಸೆಂಬರ್‌ನ ತಿದ್ದುಪಡಿಯ ನಂತರ ಅನುಭವದ ಷರತ್ತು ಹೋಗಿದೆ, ನಿಯಮಗಳಲ್ಲಿ ಹೇಳಿದ ಪದವಿ ಸಾಕು. ಸೆಬಿಯ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂನ ಸರಣಿ 15ರ ಪರೀಕ್ಷೆ ಪಾಸಾಗಬೇಕು. ತೇರ್ಗಡೆಗೆ 60%, ತಪ್ಪು ಉತ್ತರಕ್ಕೆ 25% ಅಂಕ ಕಡಿತ. ಚಾರ್ಟ್ ಮಾತ್ರ ಓದಿದವರು ಇದರಲ್ಲಿ ಬೀಳುತ್ತಾರೆ, ಏಕೆಂದರೆ ಪಠ್ಯದ ಬಹುಪಾಲು ಅರ್ಥಶಾಸ್ತ್ರ, ಉದ್ಯಮ ವಿಶ್ಲೇಷಣೆ, ಬ್ಯಾಲೆನ್ಸ್ ಶೀಟ್, ಮೌಲ್ಯಮಾಪನ. ನಿವ್ವಳ ಮೌಲ್ಯದ ಬದಲು ಈಗ ಠೇವಣಿ: 150 ಗ್ರಾಹಕರವರೆಗೆ 1 ಲಕ್ಷ, 300ರವರೆಗೆ 2 ಲಕ್ಷ, 1,000ದವರೆಗೆ 5 ಲಕ್ಷ, ಅದರ ಮೇಲೆ 10 ಲಕ್ಷ. ಒಂದು ಕುಟುಂಬದಿಂದ ವರ್ಷಕ್ಕೆ 1.51 ಲಕ್ಷಕ್ಕಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಪ್ರತಿ ಶಿಫಾರಸಿಗೂ ಕಾರಣ ಬರೆದಿಟ್ಟು ಐದು ವರ್ಷ ಕಾಪಾಡಬೇಕು. ಅನುಸರಣೆಯ ಈ ಬರವಣಿಗೆ ಕೆಲಸವೇ ದಿನದ ಅರ್ಧ ತಿನ್ನುತ್ತದೆ.

ಎರಡನೆಯದು ಮ್ಯೂಚುವಲ್ ಫಂಡ್ ವಿತರಣೆ. ಸರಣಿ 5-ಎ ಪರೀಕ್ಷೆ ಸುಲಭ. 100 ಪ್ರಶ್ನೆ, ಎರಡು ಗಂಟೆ, 50% ಸಾಕು, ಕಡಿತ ಅಂಕವಿಲ್ಲ, ಪ್ರಮಾಣಪತ್ರಕ್ಕೆ ಮೂರು ವರ್ಷ ಆಯಸ್ಸು. ಆಮೇಲೆ ಮ್ಯೂಚುವಲ್ ಫಂಡ್‌ಗಳ ಸಂಘ ಆಂಫಿಯಿಂದ ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಪಡೆಯಬೇಕು. ಆದಾಯ ಮಾತ್ರ ನಿಧಾನ. ಟ್ರೇಲ್ ಕಮಿಷನ್ (ಹೂಡಿಕೆ ಇರುವವರೆಗೆ ಬರುವ ಕಮಿಷನ್) 0.8% ಎಂದು ಹಿಡಿದರೆ 1 ಕೋಟಿ ನಿರ್ವಹಣೆಗೆ ವರ್ಷಕ್ಕೆ 80,000, ತಿಂಗಳಿಗೆ 6,700ಕ್ಕೂ ಕಡಿಮೆ. ತಿಂಗಳಿಗೆ 40,000 ಬೇಕೆಂದರೆ 6 ಕೋಟಿ ಕೂಡಬೇಕು. ತಿಂಗಳಿಗೆ 5,000ದ 100 ಎಸ್‌ಐಪಿ ಕೂಡಿಸಿದರೂ ವರ್ಷಕ್ಕೆ ಬರುವುದು 60 ಲಕ್ಷ. ನಾಲ್ಕೈದು ವರ್ಷ ಬೇರೆ ಆದಾಯವಿಲ್ಲದೆ ಇದನ್ನು ನಂಬಿ ಕೂರಬೇಡಿ. ಕಮಿಷನ್ ಆದಾಯಕ್ಕೆ ವ್ಯಾಪಾರಿಗಳ ಅಂದಾಜು ತೆರಿಗೆ ಯೋಜನೆ ಅನ್ವಯಿಸುವುದಿಲ್ಲ, ಲೆಕ್ಕ ಪುಸ್ತಕ ಇಡಬೇಕು.

ಪಾಠ ಹೇಳುವ ಯೋಚನೆ ಇದ್ದರೆ 2025ರ ಜನವರಿಯ ಸೆಬಿ ಸುತ್ತೋಲೆ ಓದಿ. ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಮಾರುಕಟ್ಟೆ ದರಗಳನ್ನು ಬಳಸಿ ಷೇರಿನ ಬಗ್ಗೆ ಮಾತಾಡಬಾರದು ಎಂದು ಅದು ಹೇಳಿತು. ಲೈವ್ ಚಾರ್ಟ್ ತೋರಿಸುವ ಕ್ಲಾಸ್ ಆ ಗೆರೆ ದಾಟುತ್ತದೆ.

ಪ್ರಶ್ನೆ: ಡಾಲರ್-ರೂಪಾಯಿ ಆಪ್ಷನ್ ಟ್ರೇಡ್ ಮಾಡುತ್ತಿದ್ದೆ. 2024ರ ಮೇ ನಂತರ ಆ ಮಾರುಕಟ್ಟೆಯೇ ಖಾಲಿ. ಬಿ.ಕಾಂ. ಆಗಿದೆ. ಈ ಅನುಭವಕ್ಕೆ ಬೆಲೆ ಎಲ್ಲಿದೆ? — ಓದುಗರು, ಹಾಸನ

ನಿಜವಾದ ವಿದೇಶಿ ವಿನಿಮಯ ವ್ಯವಹಾರ ಇಲ್ಲದವರು ಕರೆನ್ಸಿ ಡೆರಿವೇಟಿವ್ಸ್ ಕಾಂಟ್ರಾಕ್ಟ್ ಹಿಡಿಯುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಮೇ 3ರಿಂದ ಬಿಗಿಯಾಯಿತು. ಹಾಗಾದರೆ ಆ ವ್ಯವಹಾರ ಇರುವವರ ಬಳಿಯೇ ಹೋಗಿ. ನೀವಿರುವ ಹಾಸನ, ಪಕ್ಕದ ಚಿಕ್ಕಮಗಳೂರು, ಕೊಡಗು ಕಾಫಿ ರಫ್ತಿನ ನಾಡು. ಗೇರುಬೀಜಕ್ಕೆ ಮಂಗಳೂರು, ಎರಕದ ಬಿಡಿಭಾಗಗಳಿಗೆ ಬೆಳಗಾವಿ ಇವೆ.

ರಫ್ತು ಸಂಸ್ಥೆಯ ಕಾಫಿ ಡೆಸ್ಕ್‌ನಲ್ಲಿ ಎರಡು ಪರದೆ ನೋಡಬೇಕು. ರೊಬಸ್ಟಾ ದರ ಲಂಡನ್‌ನಲ್ಲಿ ಟನ್ನಿಗೆ ಡಾಲರ್ ಲೆಕ್ಕ, ಲಾಟ್ 10 ಟನ್. ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಸೆಂಟ್ಸ್, ಲಾಟ್ 37,500 ಪೌಂಡ್. ಖರೀದಿದಾರನೊಂದಿಗೆ ಒಪ್ಪಂದವಾಗುವುದು ಹೆಚ್ಚಾಗಿ ಪೂರ್ಣ ಬೆಲೆಗಲ್ಲ, ಆ ದರದ ಮೇಲೆ ಅಥವಾ ಕೆಳಗೆ ಇಷ್ಟು ಎಂಬ ಡಿಫರೆನ್ಷಿಯಲ್‌ಗೆ. ಬೆಲೆ ನಿಗದಿ ಆಮೇಲೆ. ಈ ತರ್ಕ ನಿಮಗೆ ಬೇಗ ಹಿಡಿಸುತ್ತದೆ. ಹಿಡಿಸದಿರುವುದು ಸರಕು. ಬೆಳೆಗಾರ ಮಾರುವುದು 50 ಕಿಲೋ ಚೀಲದಲ್ಲಿ ಚೆರಿ (ಒಣಗಿಸಿದ ಹಣ್ಣು) ಅಥವಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಅದನ್ನು ಕ್ಯೂರಿಂಗ್ (ಹೊಟ್ಟು ತೆಗೆದು ಶುದ್ಧ) ಮಾಡಿದರೆ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಮೇಲೆ ದರ ನಿಂತಿದೆ. ಔಟ್‌ಟರ್ನ್ ಒಂದು ಕಿಲೋ ತಪ್ಪಿದರೆ ಲಂಡನ್ ದರವನ್ನು ಎಷ್ಟು ಸರಿಯಾಗಿ ಊಹಿಸಿದರೂ ನಷ್ಟವೇ. ಒಂದು ಹಂಗಾಮು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಡಿಮೆ ಸಂಬಳಕ್ಕಾದರೂ ಕೆಲಸ ಮಾಡಿ. ಹಣ ಮತ್ತು ಸಮಯ ಇದ್ದರೆ ಕಾಫಿ ಮಂಡಳಿಯ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ಅರ್ಹತೆಯ ಷರತ್ತುಗಳನ್ನು ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಬ್ಯಾಂಕಿನ ಕಡೆಯ ಕೆಲಸ ಬೇರೆಯೇ ಕಲಿಯಬೇಕು. ಫಾರ್ವರ್ಡ್ (ಮುಂದಿನ ದಿನಕ್ಕೆ ಡಾಲರ್ ದರ ಈಗಲೇ ನಿಗದಿ) ಬುಕ್ ಮಾಡುವುದು, ರದ್ದು ಮಾಡಿದರೆ ಆಗುವ ಖರ್ಚು, ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮುಂಚಿನ ಸಾಲ), ಶಿಪ್ಪಿಂಗ್ ಬಿಲ್, ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ, ಖರೀದಿದಾರನ ಬ್ಯಾಂಕಿನ ಪಾವತಿ ಭರವಸೆ). ಎಲ್‌ಸಿಯಲ್ಲಿ ಬೇರೆ ಅವಧಿ ನಮೂದಾಗಿಲ್ಲದಿದ್ದರೆ ಸರಕು ಹಡಗೇರಿದ 21 ದಿನದೊಳಗೆ, ಎಲ್‌ಸಿ ಅವಧಿಯೂ ಮುಗಿಯದಂತೆ, ದಾಖಲೆ ಬ್ಯಾಂಕಿಗೆ ತಲುಪಬೇಕು. ಇನ್‌ವಾಯ್ಸಿನ ಸರಕಿನ ವಿವರಣೆ ಎಲ್‌ಸಿಯದಕ್ಕೆ ಹೊಂದದಿದ್ದರೂ ಪಾವತಿ ನಿಲ್ಲಬಹುದು.

ಟ್ರೇಡರ್ ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ. ‘ರೂಪಾಯಿ ಇನ್ನೂ ಇಳಿಯುತ್ತದೆ, ಕವರ್ ಮಾಡದೆ ಕಾಯೋಣ’ ಎನ್ನುತ್ತಾನೆ. ಕಂಪನಿ ಅವನನ್ನಿಟ್ಟುಕೊಂಡಿರುವುದು ಕಾಫಿಯ ಲಾಭವನ್ನು ಡಾಲರ್ ತಿನ್ನದಂತೆ ಕಾಯಲು.

ಪ್ರಶ್ನೆ: ಬೆಂಗಳೂರಿನ ಬ್ರೋಕಿಂಗ್ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ. ಬಿಡುವಿನಲ್ಲಿ ಟ್ರೇಡ್ ಮುಂದುವರಿಸಬಹುದೇ? — ಓದುಗರು, ತುಮಕೂರು

ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ನೌಕರರ ವ್ಯವಹಾರ ನೀತಿಯ ಪ್ರತಿ ಕೇಳಿ. ಹಣಕಾಸು ಸಂಸ್ಥೆಗಳು ಸಾಮಾನ್ಯವಾಗಿ ನಿಮ್ಮ ಮತ್ತು ಅವಲಂಬಿತರ ಡಿಮ್ಯಾಟ್ ಖಾತೆ ಘೋಷಿಸಲು, ಪ್ರತಿ ವ್ಯವಹಾರಕ್ಕೆ ಮುಂಚಿತ ಅನುಮತಿ ಪಡೆಯಲು, ಕೊಂಡದ್ದನ್ನು ಕನಿಷ್ಠ ಅವಧಿ ಇಟ್ಟುಕೊಳ್ಳಲು ಹೇಳುತ್ತವೆ. ಎಫ್ ಅಂಡ್ ಒ ಮತ್ತು ಇಂಟ್ರಾಡೇ ಪೂರ್ತಿ ನಿಷಿದ್ಧವಾಗಿರುವುದೂ ಉಂಟು. ತೆರೆದ ಪೊಸಿಷನ್‌ಗಳನ್ನು ಸೇರುವ ದಿನಕ್ಕೆ ಮೊದಲೇ ಮುಚ್ಚಿ. ಪತ್ನಿಯ ಹೆಸರಲ್ಲಿ ಮುಂದುವರಿಸುವ ಉಪಾಯ ಸಿಕ್ಕಿಬೀಳುತ್ತದೆ, ಕೆಲಸ ಕಳೆಯುತ್ತದೆ. ಸರ್ಕಾರಿ ಕೆಲಸಕ್ಕೆ ಹೋಗುವವರಿಗೂ ಒಂದು ಮಾತು: ನಡತೆ ನಿಯಮಗಳು ಷೇರು ಹೂಡಿಕೆಗೆ ಅಡ್ಡಬರುವುದಿಲ್ಲ, ಸಟ್ಟಾಕ್ಕೆ ಬರುತ್ತವೆ. ಪದೇ ಪದೇ ಕೊಂಡು ಮಾರುವುದನ್ನು ಕೇಂದ್ರದ ನಿಯಮ ಸಟ್ಟಾ ಎಂದೇ ಎಣಿಸುತ್ತದೆ.

ಪ್ರಶ್ನೆ: ವಯಸ್ಸು 33. ಬ್ಯಾಂಕ್ ಪರೀಕ್ಷೆಗೆ ಓದಲೇ? — ಓದುಗರು, ಕಲಬುರಗಿ

ಐಬಿಪಿಎಸ್ ಅಧಿಕಾರಿ ಹುದ್ದೆಗೆ ಸಾಮಾನ್ಯ ಮಿತಿ 30, ಗುಮಾಸ್ತ ಹುದ್ದೆಗೆ 28. ಒಬಿಸಿಗೆ ಮೂರು, ಎಸ್‌ಸಿ-ಎಸ್‌ಟಿಗೆ ಐದು ವರ್ಷ ಸಡಿಲಿಕೆ. ನೀವು ಯಾವ ವರ್ಗವೆಂದು ಬರೆದಿಲ್ಲ. ಸಾಮಾನ್ಯ ವರ್ಗವಾದರೆ ಬಾಗಿಲು ಮುಚ್ಚಿದೆ. ಒಬಿಸಿಯಾದರೆ ಅಧಿಸೂಚನೆಯ ಕಟ್‌ಆಫ್ ದಿನಾಂಕಕ್ಕೆ ನಿಮ್ಮ ಜನ್ಮದಿನಾಂಕ ಹೊಂದಿಸಿ ನೋಡಿ, ಒಂದು ದಿನದ ವ್ಯತ್ಯಾಸಕ್ಕೂ ಅರ್ಜಿ ಬೀಳುತ್ತದೆ.

ಪ್ರಶ್ನೆ: ಪತಿ ಆರು ವರ್ಷದಿಂದ ಆಪ್ಷನ್ ಟ್ರೇಡಿಂಗ್ ಮಾಡುತ್ತಿದ್ದಾರೆ. ಚಿನ್ನದ ಸಾಲ, ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಎಲ್ಲ ಸೇರಿ 14 ಲಕ್ಷ ದಾಟಿದೆ. ಕೆಲಸ ಹುಡುಕಿ ಎಂದರೆ ‘ಹೋದ ದುಡ್ಡು ಬರಲಿ, ಆಮೇಲೆ’ ಎನ್ನುತ್ತಾರೆ. — ಓದುಗರು, ಬೆಳಗಾವಿ

ಹೋದ ದುಡ್ಡು ವಾಪಸು ಬಂದ ಮೇಲೆ ಎಂಬುದು ಕೆಲಸ ಹುಡುಕುವ ದಿನಾಂಕವಲ್ಲ. ಮೊದಲು ಹಣದ ಹರಿವು ನಿಲ್ಲಿಸಿ. 2024ರ ಜುಲೈ 1ರಿಂದ ಖಾತೆದಾರರೇ ತಮ್ಮ ಟ್ರೇಡಿಂಗ್ ಖಾತೆಯನ್ನು ಫ್ರೀಜ್ ಮಾಡಿಸುವ ಸೌಲಭ್ಯವಿದೆ. ಮಾರುಕಟ್ಟೆ ವೇಳೆಯಲ್ಲಿ ಕೋರಿದರೆ ಬ್ರೋಕರ್ 15 ನಿಮಿಷದೊಳಗೆ ಮಾಡಬೇಕು. ಎಫ್ ಅಂಡ್ ಒ ವಿಭಾಗವನ್ನಷ್ಟೇ ನಿಷ್ಕ್ರಿಯ ಮಾಡುವ ಆಯ್ಕೆಯನ್ನೂ ಹಲವು ಬ್ರೋಕರ್‌ಗಳು ಕೊಡುತ್ತಾರೆ. ಕೋರಿಕೆ ನಿಮ್ಮ ಪತಿಯಿಂದಲೇ ಹೋಗಬೇಕು, ಮತ್ತೆ ತೆರೆಸುವುದೂ ಕಷ್ಟವಲ್ಲ. ಆದ್ದರಿಂದ ಉಳಿದ ಹಣ ನಿಮ್ಮಿಬ್ಬರ ಸಹಿ ಬೇಕಾದ ಜಂಟಿ ಖಾತೆಗೆ ಬರಲಿ.

ಆಮೇಲೆ ಸಾಲದ ಪೂರ್ತಿ ಪಟ್ಟಿ. ಅವರು ಹೇಳಿದ್ದನ್ನಷ್ಟೇ ನಂಬಬೇಡಿ, ಅವರೊಂದಿಗೆ ಕೂತು ಕ್ರೆಡಿಟ್ ವರದಿ ತೆಗೆಸಿ. ವರ್ಷಕ್ಕೊಮ್ಮೆ ಉಚಿತ. ಆ್ಯಪ್ ಸಾಲಗಳು ಹೊರಬರುವುದು ಸಾಮಾನ್ಯವಾಗಿ ಅಲ್ಲಿ. ಕೈಸಾಲ ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ, ಕೇಳಿಯೇ ಬರೆಯಬೇಕು. ಕಾರ್ಡಿನ ಬಾಕಿಗೆ ವರ್ಷಕ್ಕೆ 36ರಿಂದ 45% ಬಡ್ಡಿ ಬೀಳುತ್ತದೆ, ಮೊದಲು ಅದನ್ನು ತೀರಿಸಿ. ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಅಸಲು ಹೆಚ್ಚೇನೂ ಇಳಿಯದು. ಚಿನ್ನದ ಸಾಲಕ್ಕೆ ಹರಾಜಿನ ದಿನಾಂಕ ಗೊತ್ತಿರಲಿ. ಸಾಲ ತೀರಿಸಲು ಹೊಲ ಮಾರುವುದಾದರೆ ಫ್ರೀಜ್ ಆಗಿ ಹಲವು ತಿಂಗಳಾಗಲಿ. ಅದಕ್ಕೂ ಮುಂಚೆ ಮಾರಿದ ಹೊಲದ ದುಡ್ಡು ಮಾರ್ಜಿನ್ ಆಗುವ ಸಂಭವವೇ ಹೆಚ್ಚು.

ಸಾಲ ಮುಚ್ಚಿಡುವುದು, ರಾತ್ರಿ ನಿದ್ದೆಯಿಲ್ಲದೆ ಗಿಫ್ಟ್ ನಿಫ್ಟಿ (ರಾತ್ರಿಯೂ ನಡೆಯುವ ನಿಫ್ಟಿ ಫ್ಯೂಚರ್ಸ್) ನೋಡುವುದು, ನಿಲ್ಲಿಸುತ್ತೇನೆಂದು ಹೇಳಿ ನಿಲ್ಲಿಸಲಾಗದಿರುವುದು ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಒಮ್ಮೆ ಬಂದಿದ್ದರೂ ಇಂದೇ ಕರೆ ಮಾಡಿ, ಸಾಲದ ಪಟ್ಟಿ ನಾಳೆಗಿರಲಿ. ಕೆಲಸದ ವಿಷಯದಲ್ಲಿ ಮೊದಲ ಆರು ತಿಂಗಳು ಷೇರು ಪೇಟೆಯ ಪರದೆ ಎದುರಿಗಿಲ್ಲದ ಕೆಲಸವಾಗಲಿ, ಸಂಬಳ ಕಡಿಮೆಯಾದರೂ ಸರಿ.

ಪ್ರಶ್ನೆ: ಟ್ರೇಡಿಂಗ್ ಖಾತೆ ಮುಚ್ಚುವ ಮುನ್ನ ಏನೇನು ನೋಡಬೇಕು? — ಓದುಗರು, ಉಡುಪಿ

ಮೊದಲು ಮಾರ್ಜಿನ್‌ಗೆ ಪ್ಲೆಡ್ಜ್ ಮಾಡಿದ (ಅಡವಿಟ್ಟ) ಷೇರುಗಳನ್ನು ಬಿಡಿಸಿ, ಇಲ್ಲದಿದ್ದರೆ ಮುಚ್ಚುವ ಅರ್ಜಿ ತಿರಸ್ಕೃತವಾಗುತ್ತದೆ. ಸ್ಟಾಕ್ ಆಪ್ಷನ್ ಇದ್ದರೆ ಎಕ್ಸ್‌ಪೈರಿಗೆ ಕಾಯದೆ ಮುಚ್ಚಿ, ಭೌತಿಕ ಸೆಟಲ್‌ಮೆಂಟಿಗೆ ಹೋದರೆ ಪೂರ್ತಿ ಷೇರಿನ ಹಣ ಬೇಕಾಗುತ್ತದೆ. ಲೆಡ್ಜರ್, ಕಾಂಟ್ರಾಕ್ಟ್ ನೋಟ್, ತೆರಿಗೆ ವರದಿಗಳನ್ನು ಮುಚ್ಚುವ ಮೊದಲೇ ಇಳಿಸಿಕೊಳ್ಳಿ, ಆಮೇಲೆ ಲಾಗಿನ್ ಇರುವುದಿಲ್ಲ. ನಷ್ಟ ಮುಂದಕ್ಕೆ ಒಯ್ಯುತ್ತಿದ್ದರೆ ಅದು ಮುಗಿಯುವವರೆಗೂ ಅವು ಬೇಕು. ಚಾರ್ಟಿಂಗ್ ಮತ್ತು ಡೇಟಾ ಚಂದಾಗಳ ಆಟೋಪೇ ರದ್ದು ಮಾಡಿ. ದೀರ್ಘಾವಧಿಯ ಷೇರುಗಳಿದ್ದರೆ ಡಿಮ್ಯಾಟ್ ಮುಚ್ಚಬೇಕಿಲ್ಲ. ನಿಮ್ಮ ಹೆಸರಲ್ಲಿ ಅದೊಂದೇ ಡಿಮ್ಯಾಟ್ ಇದ್ದರೆ ಮೂಲಭೂತ ಸೇವಾ ಖಾತೆಯಾಗಿ ಬದಲಿಸಬಹುದು. 4 ಲಕ್ಷ ಮೌಲ್ಯದವರೆಗೆ ವಾರ್ಷಿಕ ಶುಲ್ಕವಿಲ್ಲ, 10 ಲಕ್ಷದವರೆಗೆ 100 ರೂಪಾಯಿ. ನಾಮಿನಿ ಹೆಸರು ಸೇರಿಸಿದ್ದೀರಾ ಎಂದೂ ಅದೇ ಸಲ ನೋಡಿಬಿಡಿ.